ಒಳಹೊರಗಾದ ದೋಣಿ

ಕೆಂಪಾಪುರದ ನಮ್ಮ ಮನೆಯ ಹಜಾರದಲ್ಲಿ ನಾನೊಂದು ಮೀನಿನ ತೊಟ್ಟಿ ಕಟ್ಟಿದೆ. ಕೊಂಡು ತಂದುದಲ್ಲ, ಕಟ್ಟಿದುದು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿಗೆ ಅಂಗಡಿಯವರು ಹೇಳಿದ ಬೆಲೆಯನ್ನು ಕೇಳಿ ಮನೆಗೆ ಹಿಂದಿರುಗಿದವನು, ಮುಂಬದಿಗೆ ಮಾತ್ರ ಗಾಜಿಟ್ಟು ಉಳಿದುದನ್ನೆಲ್ಲ ಪ್ಲೈವುಡ್ಡಿನಲ್ಲಿ ಮಾಡಿದರಾಯಿತೆಂದು ನಿಶ್ಚಯಿಸಿದೆ. ಮನೆಯವರು ನಕ್ಕರು. ಮರದ ಪೆಟ್ಟಿಗೆಯಲ್ಲಿ ನೀರು ನಿಲ್ಲುವುದುಂಟೆ ಎಂದು ಅವರ ಪ್ರಶ್ನೆ. ನೀರಿನಲ್ಲಿ ಮರದ ಪೆಟ್ಟಿಗೆ ನಿಲ್ಲುವುದಿಲ್ಲವೆ, ದೋಣಿಯೆಂದರೆ ಮತ್ತೇನು ಎಂದು ನಾನು ಜಾಣತನದ ಉತ್ತರ ಕೊಟ್ಟೆ. ಆ ಉತ್ತರವೇ ನನ್ನನ್ನು ಕೆಡಿಸಿತು.

ಹಲಗೆಗಳನ್ನು ಸ್ಕ್ರೂ ಹಾಕಿ ಬಿಗಿದು, ಒಳಗೂ ಹೊರಗೂ ಎಣ್ಣೆಬಣ್ಣ ಬಳಿದು, ಕಿಟಕಿಗೆ ಕೂಡಿಸುವಂತೆ ಗಾಜನ್ನು ಹೊರಗಿನಿಂದ ಕೂಡಿಸಿದೆ. ಒಂದು ಭಾನುವಾರ ನೀರು ತುಂಬಿದೆವು. ಮಗಳು ಆರು ಬಂಗಾರದ ಮೀನುಗಳನ್ನು ಬಿಟ್ಟು ಆರಕ್ಕೂ ಹೆಸರಿಟ್ಟಳು. ಮಧ್ಯರಾತ್ರಿಯ ಹೊತ್ತಿಗೆ ತೊಟ್ಟಿಯ ಎಡಮೂಲೆಯಲ್ಲಿ ತೊಟ್ಟಿಕ್ಕುವ ಸದ್ದು. ಬೆಳಗಿನ ಜಾವಕ್ಕೆ ಗಾಜು ತನ್ನ ಅಂಟಿನಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು. ಹಲಗೆಯ ಅಂಚು ನೆನೆದ ಅವಲಕ್ಕಿಯಂತೆ ಉಬ್ಬಿತ್ತು. ಮೀನುಗಳನ್ನು ಬಕೀಟಿಗೆ ಸಾಗಿಸಿದೆವು. ಎರಡು ಉಳಿಯಲಿಲ್ಲ. ಮಗಳು ಏನೂ ಹೇಳಲಿಲ್ಲ, ಹೇಳಿದ್ದರೆ ಒಳ್ಳೆಯದಿತ್ತು.

ಅಂದಿನಿಂದ ನನಗೆ ಹತ್ತಿದ ಹುಚ್ಚೆಂದರೆ, ಮನುಷ್ಯನು ನೀರನ್ನು ಮರದಿಂದ ತಡೆದ ಚರಿತ್ರೆಯನ್ನು ಹುಡುಕುವುದು. ಆ ಚರಿತ್ರೆ ಮೊದಲು ಕರೆದೊಯ್ದುದು ನಮ್ಮ ಕರಾವಳಿಗೇ. ಪಶ್ಚಿಮ ಕರಾವಳಿಯ ಹಳೆಯ ದೋಣಿಗಳಿಗೆ ಮೊಳೆಯಿಲ್ಲ. ಹಲಗೆಯ ಅಂಚಿನಲ್ಲಿ ತೂತು ಕೊರೆದು ತೆಂಗಿನ ಹುರಿಯಿಂದ ಹೊಲಿಯುತ್ತಿದ್ದರು. ಸಂದಿಗೆ ನಾರನ್ನು ತುರುಕಿ, ಧೂಪದ ಮರದ ರಾಳವನ್ನು ಎಣ್ಣೆಯಲ್ಲಿ ಕರಗಿಸಿ ಹಚ್ಚುತ್ತಿದ್ದರು. ಮೈಗೆ ಮೀನೆಣ್ಣೆ, ಇಲ್ಲವೆ ಗೇರುಬೀಜದ ಸಿಪ್ಪೆಯಿಂದ ತೆಗೆದ, ಕೈಗೆ ತಾಕಿದರೆ ಬೊಕ್ಕೆಯೇಳುವ ಕಪ್ಪೆಣ್ಣೆ. ಇಷ್ಟೆಲ್ಲ ಮಾಡಿದ ಮೇಲೂ ಬೇಸಗೆಯಲ್ಲಿ ಒಣಗಿದ ದೋಣಿಯನ್ನು ನೀರಿಗಿಳಿಸಿದರೆ ಮೊದಲ ದಿನ ಸೋರುತ್ತದೆ. ನೀರು ಕುಡಿದ ಹಲಗೆ ಅಡ್ಡಕ್ಕೆ ಹಿಗ್ಗಿ, ಒಂದನ್ನೊಂದು ಒತ್ತಿ, ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಮರದ ಸ್ವಭಾವವನ್ನೇ ಅಂಟಾಗಿ ಬಳಸಿಕೊಂಡ ಈ ಜಾಣ್ಮೆಗೆ ನಾನು ತಲೆಬಾಗುತ್ತೇನೆ.

ಆದರೆ ಪ್ಲೈವುಡ್ಡಿಗೆ ಆ ಸ್ವಭಾವವಿಲ್ಲ. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ಇಲ್ಲವೆಂಬಷ್ಟು ಕಡಿಮೆ, ಅಡ್ಡಕ್ಕೆ ಬಹಳ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ. ಒಂದು ಹಿಗ್ಗಲು ಹೊರಟರೆ ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಆದುದರಿಂದಲೇ ಅದು ಸೊಟ್ಟಗಾಗದು. ಆದುದರಿಂದಲೇ ಅದರ ಸಂದು ತಾನಾಗಿ ಮುಚ್ಚಿಕೊಳ್ಳುವುದೂ ಇಲ್ಲ. ಈ ಉಪಾಯ ಹೊಸದೆಂದು ತಿಳಿಯಬೇಡಿ. ಈಜಿಪ್ಟಿನ ಸಕ್ಕಾರದಲ್ಲಿ, ಮೂರನೆಯ ರಾಜವಂಶದ ಕಾಲದ, ಆರು ಪದರಗಳನ್ನು ಹೀಗೆ ಅಡ್ಡಡ್ಡ ಕೂಡಿಸಿದ ಶವಪೆಟ್ಟಿಗೆಯೊಂದು ದೊರೆತಿದೆ. ನಾಲ್ಕೂವರೆ ಸಾವಿರ ವರ್ಷ ಕಳೆದರೂ ತತ್ತ್ವ ಅದೇ; ಬದಲಾದುದು ಅಂಟು.

ಅಂಟಿನ ಕಥೆ ದೊಡ್ಡದು. ಬಹುಕಾಲ ಪ್ಲೈವುಡ್ಡಿಗೆ ಹಾಕುತ್ತಿದ್ದುದು ಚರ್ಮ ಎಲುಬುಗಳ ಅಂಟು, ರಕ್ತದ ಅಂಟು, ಒಡೆದ ಹಾಲಿನ ಗಟ್ಟಿಯಿಂದ ತೆಗೆದ ಕೇಸೀನ್ ಅಂಟು. ಎಲ್ಲವೂ ಬೂಷ್ಟಿಗೆ ಆಹಾರ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನವರು ಮಸ್ಕೀಟೋ ಎಂಬ ಪ್ಲೈವುಡ್ಡಿನ ಯುದ್ಧವಿಮಾನವನ್ನು ಮಾಡಿದರು; ವೇಗದಲ್ಲಿ ಅದಕ್ಕೆ ಸಾಟಿ ಕಡಿಮೆ. ಅದು ನಮ್ಮ ದೇಶದ ಸೆಕೆಗೆ ಬಂದ ಮೇಲೆ, 1944ರ ಕೊನೆಯಲ್ಲಿ ಕೆಲವು ವಿಮಾನಗಳ ರೆಕ್ಕೆಗಳು ಬಿಟ್ಟುಕೊಂಡು, ಇಲ್ಲಿದ್ದ ಮಸ್ಕೀಟೋಗಳನ್ನು ನೆಲದ ಮೇಲೆ ನಿಲ್ಲಿಸಬೇಕಾಯಿತು. ದೋಷ ಅಂಟಿನದೋ ಕೂಡಿಸಿದ ಕೈಯದೋ ಎಂದು ಆಗ ದೊಡ್ಡ ಚರ್ಚೆ ನಡೆಯಿತು. ಹೇಗೂ ಸೋತುದು ಹಲಗೆಯಲ್ಲ, ಸಂದು. ನನ್ನ ಎಡಮೂಲೆಯನ್ನು ನೆನೆದು ಸ್ವಲ್ಪ ಸಮಾಧಾನವಾಯಿತೆಂದರೆ ಓದುಗರು ಕ್ಷಮಿಸಬೇಕು.

ಬೇಕೆಲಂಡ್ ಎಂಬಾತ 1907ರಲ್ಲಿ ಫೀನಾಲು ಫಾರ್ಮಾಲ್ಡಿಹೈಡುಗಳಿಂದ ಮಾಡಿದ ರಾಳದ ವಂಶದ್ದೇ ಇಂದಿನ ನೀರಂಜದ ಪ್ಲೈವುಡ್ಡಿನ ಅಂಟು. ನಮ್ಮಲ್ಲಿ ‘ಐಎಸ್ 710’ ಎಂಬ ಗುರುತು ಬೇಕಾದರೆ ಹಲಗೆಯ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ತೆಗೆದ ಮೇಲೂ ಪದರ ಬಿಡಬಾರದು. ಮೂರು ದಿನ ಮೂರು ರಾತ್ರಿ! ನಾನು ಮೊದಲ ತೊಟ್ಟಿಗೆ ಕೊಂಡುದು ಕಪಾಟಿಗೆ ಹಾಕುವ ಅಗ್ಗದ ಹಲಗೆ. ಇದನ್ನು ತಿಳಿಯಲು ನಾನು ದೂರ ಹೋಗಬೇಕಾಗಿಯೂ ಇರಲಿಲ್ಲ. ಹೆಬ್ಬಾಳ ದಾಟಿ, ಯಶವಂತಪುರದ ಆಚೆ, ತುಮಕೂರು ರಸ್ತೆಯಲ್ಲಿ ಪ್ಲೈವುಡ್ಡಿನ ಸಂಶೋಧನೆಗೆಂದೇ 1962ರಲ್ಲಿ ಸಂಸ್ಥೆಯೊಂದು ಆರಂಭವಾಗಿತ್ತು. ದೋಣಿಗೆ ಬಳಿಯುತ್ತಿದ್ದ ಅದೇ ಗೇರುಸಿಪ್ಪೆಯ ಎಣ್ಣೆಯಿಂದ ಪ್ಲೈವುಡ್ಡಿನ ಅಂಟು ಮಾಡುವ ಪ್ರಯೋಗಗಳೂ ನಮ್ಮ ದೇಶದಲ್ಲಿ ನಡೆದಿವೆ. ಹಳೆಯ ದೋಣಿಗಾರನ ಕೈ ಹೊಸ ಪ್ರಯೋಗಶಾಲೆಯವರೆಗೆ ಚಾಚಿದೆಯಲ್ಲ ಎಂದು ನನಗೆ ಸಂತೋಷ.

ಇನ್ನು ಮೀನಿನ ಕಡೆಗೆ ಬರೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಅಂದರೆ ಹನ್ನೆರಡನೆಯ ಶತಮಾನದಲ್ಲಿಯೇ, ಮತ್ಸ್ಯವಿನೋದವೆಂಬ ಪ್ರಕರಣವುಂಟು. ಮೀನುಗಳ ಜಾತಿ, ಅವಕ್ಕೆ ಹಾಕುವ ಮೇವು ಎಲ್ಲವೂ ಅಲ್ಲಿವೆ. ಆದರೆ ಆ ವಿನೋದ ಗಾಳ ಹಾಕುವ ವಿನೋದ. ಮೀನನ್ನು ಪಕ್ಕದಿಂದ, ಅದರ ಕಣ್ಣಿಗೆ ಕಣ್ಣಿಟ್ಟು ನೋಡುವ ಆಸೆ ಈಚಿನದು. ಪ್ಯಾರಿಸಿನಲ್ಲಿ ಬಟ್ಟೆ ಹೊಲಿಯುತ್ತಿದ್ದ ಝಾನ್ ವಿಲ್‌ಪ್ರೂ ಪವರ್ ಎಂಬಾಕೆ ಸಿಸಿಲಿಗೆ ಬಂದು ನೆಲೆಸಿ, 1832ರಲ್ಲಿ ಗಾಜಿನ ತೊಟ್ಟಿ ಮಾಡಿಸಿ ಕಡಲಜೀವಿಗಳನ್ನು ನೋಡಿದಳು. ಲಂಡನ್ನಿನ ಮೃಗಾಲಯದಲ್ಲಿ 1853ರಲ್ಲಿ ಮೀನಿನ ಮನೆ ತೆರೆಯಿತು. ಮರುವರ್ಷ ಗಾಸ್ ಎಂಬಾತನ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಮಾತು ಮನೆಮಾತಾಯಿತು. ಆಗಿನ ತೊಟ್ಟಿಗಳಿಗೆ ಸ್ಲೇಟುಕಲ್ಲಿನ ತಳ, ಕಬ್ಬಿಣದ ಚೌಕಟ್ಟು, ಸಂದಿಗೆ ಸೀಸ ಬೆರೆಸಿದ ಲಪ್ಪ. ಸೀಸ ಮೀನಿಗೆ ವಿಷ; ಅದಕ್ಕೆ ಮೇಲೊಂದು ಅರಗಿನ ಲೇಪ. ನಮ್ಮ ಕಡೆ ಮದರಾಸಿನ ಮರೀನಾದಲ್ಲಿ 1909ರಲ್ಲಿ, ಮುಂಬಯಿಯಲ್ಲಿ 1951ರಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1983ರಲ್ಲಿ ಸಾರ್ವಜನಿಕ ಮತ್ಸ್ಯಾಲಯಗಳು ಬಂದುವು.

ಇಷ್ಟು ಓದಿದ ಮೇಲೆಯೇ ನನಗೆ ನನ್ನ ತಪ್ಪು ಹೊಳೆದುದು. ತೊಟ್ಟಿಯೆಂದರೆ ದೋಣಿಯೇ ಸರಿ, ಆದರೆ ಒಳಹೊರಗಾದ ದೋಣಿ. ದೋಣಿಯಲ್ಲಿ ನೀರು ಹೊರಗಿದ್ದು ಹಲಗೆಯನ್ನು ಪಕ್ಕೆಲುಬಿನ ಮೇಲಕ್ಕೆ ಒತ್ತುತ್ತದೆ. ತೊಟ್ಟಿಯಲ್ಲಿ ನೀರು ಒಳಗಿದ್ದು ಹಲಗೆಯನ್ನು ಚೌಕಟ್ಟಿನಿಂದ ಆಚೆಗೆ ನೂಕುತ್ತದೆ. ಆದುದರಿಂದ ಪಟ್ಟಿ ಹೊರಗಿರಬೇಕು, ಗಾಜು ಒಳಗಿನಿಂದ ಕೂಡಬೇಕು. ಆಗ ನೀರೇ ಗಾಜನ್ನು ತನ್ನ ಅಂಟಿನ ಮೇಲೆ ಅದುಮಿ ಹಿಡಿಯುತ್ತದೆ. ನಾನು ಮಾಡಿದುದು ತದ್ವಿರುದ್ಧ. ನನ್ನ ತೊಟ್ಟಿಯಲ್ಲಿ ಸುಮಾರು 450 ಲೀಟರು ನೀರು. ಮುಂಬದಿಯ ಗಾಜಿನ ಮೇಲಿನ ಒತ್ತಡ ಲೆಕ್ಕ ಹಾಕಿದರೆ 225 ಕಿಲೋಗ್ರಾಮಿನ ಭಾರಕ್ಕೆ ಸಮ. ಮೂವರು ದಪ್ಪ ಮನುಷ್ಯರು ಹಗಲಿರುಳು ಕಿಟಕಿಗೆ ಹೆಗಲು ಕೊಟ್ಟು ನಿಂತರೆ ಆಗುವಷ್ಟು. ಒತ್ತಡವು ಆಳವನ್ನು ಅವಲಂಬಿಸಿದೆಯೇ ಹೊರತು ನೀರಿನ ವಿಸ್ತಾರವನ್ನಲ್ಲವೆಂದು ಸ್ಟೆವಿನ್ ಎಂಬಾತ 1586ರಲ್ಲಿಯೇ ತೋರಿಸಿದ್ದ. ಅದರಂತೆ, 1537ರಲ್ಲಿ ಕಟ್ಟಿದುದೆಂದು ಹೇಳುವ ನಮ್ಮ ಪಕ್ಕದ ಹೆಬ್ಬಾಳದ ಕೆರೆಯ ನೀರು ಎರಡಡಿ ಆಳದಲ್ಲಿ ಒತ್ತುವಷ್ಟೇ ನನ್ನ ಹಜಾರದ ನೀರೂ ಎರಡಡಿ ಆಳದಲ್ಲಿ ಒತ್ತುತ್ತದೆ. ಕೆರೆಗಾದರೋ ಮಣ್ಣಿನ ಏರಿ. ಅದರ ದಪ್ಪವೇ ಅದರ ಬಲ. ಸ್ವಲ್ಪ ಜಿನುಗಿದರೆ ಕೆಳಗಿನ ಬಾವಿಗಳಿಗೆ ಲಾಭ. ನನ್ನ ತೊಟ್ಟಿಯ ಕೆಳಗಿದ್ದುದು ಮನೆಯವರು ಆಸೆಪಟ್ಟು ಕೊಂಡ ಜಮಖಾನ.

ಎರಡನೆಯ ತೊಟ್ಟಿಗೆ 710ರ ಗುರುತಿನ ಮುಕ್ಕಾಲಂಗುಲದ ಹಲಗೆಯನ್ನೇ ತಂದೆ. ಅಂಚುಗಳಿಗೆ ಅಂಟು ಸವರಿ, ಬಳಿಕ ಸ್ಕ್ರೂ ಹಾಕಿದೆ. ಒಳಮೂಲೆಗಳ ಚೂಪನ್ನು ಎಪಾಕ್ಸಿಗೆ ಮರದ ಹುಡಿ ಕಲಸಿ ತುಂಬಿ, ಬೆರಳಿನಿಂದ ದುಂಡಗೆ ತೀಡಿದೆ. ಅದರ ಮೇಲೆ ನಾರುಗಾಜಿನ ಬಟ್ಟೆಯ ಪಟ್ಟಿ, ಅದರ ಮೇಲೆ ಇಡೀ ಒಳಮೈಗೆ ಮೂರು ಲೇಪ ಎಪಾಕ್ಸಿ. ಹಲ್ಲಿನ ಕೆಲಸಕ್ಕೆಂದು ಸ್ವಿಟ್ಜರ್ಲೆಂಡಿನಲ್ಲಿ ಹುಡುಕಿದ ರಾಳವಿದು. 1946ರಲ್ಲಿ ಅರಾಲ್ಡೈಟ್ ಎಂಬ ಹೆಸರಿನಲ್ಲಿ ಲೋಕಕ್ಕೆ ಬಂದುದು. ಎರಡು ಭಾಗಗಳನ್ನು ಅಳತೆ ತಪ್ಪದಂತೆ ಬೆರೆಸದಿದ್ದರೆ ಅಂಟಂಟಾಗಿಯೇ ಉಳಿದು ಮೀನಿಗೆ ಕೇಡು ಮಾಡುತ್ತದೆ. ಆದುದರಿಂದ ತಕ್ಕಡಿಯಲ್ಲಿ ತೂಗಿಯೇ ಬೆರೆಸಿದೆ. ಕತ್ತರಿಸಿದ ಅಂಚುಗಳಿಗೆ ಇನ್ನೊಂದು ಲೇಪ ಹೆಚ್ಚು, ಏಕೆಂದರೆ ಪ್ಲೈವುಡ್ಡು ನೀರು ಕುಡಿಯುವುದು ಅಂಚಿನ ಬಾಯಿಂದಲೇ. ಗಾಜನ್ನು ಒಳಗಿನಿಂದ, 1960ರ ದಶಕದಿಂದೀಚೆಗೆ ಮೀನು ಸಾಕುವವರ ಬಾಳನ್ನು ಹಗುರ ಮಾಡಿದ ಸಿಲಿಕೋನ್ ಅಂಟಿನಿಂದ ಕೂಡಿಸಿದೆ. ಮೂರು ವಾರ ಒಣಗಲು ಬಿಟ್ಟೆ. ಈ ಮೂರು ವಾರವೇ ಇಡೀ ಕೆಲಸದಲ್ಲಿ ಕಷ್ಟದ ಭಾಗ.

ಬಳಿಕ ನೀರು ತುಂಬಿ, ಎರಡು ದಿನ ಬಿಟ್ಟು ಚೆಲ್ಲಿ, ಮತ್ತೆ ತುಂಬಿದೆ. ಈಗ ತುಂಬಿ ಹದಿನೇಳು ದಿನ. ಜಮಖಾನ ತೆಗೆದು ಕೆಳಗೆ ಹಳೆಯ ಪತ್ರಿಕೆ ಹಾಸಿದ್ದೇನೆ. ದಿನವೂ ಬೆಳಗ್ಗೆ ಮಗಳು ಮಂಡಿಯೂರಿ ನಾಲ್ಕು ಮೂಲೆಗಳ ಕಾಗದವನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಾಳೆ, ಎಡಮೂಲೆಯನ್ನು ಎರಡು ಸಲ. ಇಂದೂ ಒಣಗಿತ್ತು. ಉಳಿದ ನಾಲ್ಕು ಮೀನುಗಳು ಇನ್ನೂ ಬಕೀಟಿನಲ್ಲಿವೆ; ಬರುವ ಭಾನುವಾರದವರೆಗೆ ನೋಡೋಣವೆಂದು ಅವಳೇ ಹೇಳಿದ್ದಾಳೆ.