ವೆಡ್ಡರಲ್ಲಿಲ್ಲದ ವೆಡ್ಡಾಯ್ಡ್ ಗುರುತು: ಕುಡುಗೋಲು ಕಣದ ಚರಿತ್ರೆಯಲ್ಲೊಂದು ತಪ್ಪು ಓದು

1952ರ ಫೆಬ್ರವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಶ್ ಪ್ರಕಟಿಸಿದ ಪುಟ್ಟ ಬರಹವೊಂದನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಪೂರ್ತಿ ಓದುವವರು ಕಡಿಮೆ. ದಕ್ಷಿಣ ಭಾರತದಲ್ಲಿ ಕುಡುಗೋಲು ಕಣದ (ಸಿಕಲ್ ಸೆಲ್) ಗುಣ ಇದೆಯೆಂದು ತೋರಿಸಿದ ಮೊದಲ ಬರಹ ಅದು. ನೀಲಗಿರಿ ಸೀಮೆಯ ಇರುಳ, ಕುರುಂಬ, ಪಣಿಯ ಮೊದಲಾದ ಕಾಡುಜನರಲ್ಲಿ ಈ ಗುಣ ಹೆಚ್ಚು, ತೋಡರಲ್ಲಿ ತೀರ ಕಡಿಮೆ ಎಂಬುದು ಆ ವರ್ಷದ ಕೆಲಸದ ಸಾರ. ಅಷ್ಟಕ್ಕೇ ನಿಂತಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಇದು ವೆಡ್ಡಾಯ್ಡ್ ಜನಾಂಗದ ರಕ್ತದ ಗುರುತು ಎಂದು ಲೇಮನ್ ವಿವರಣೆ ಕೊಟ್ಟರು. 1954ರಲ್ಲಿ ಯೂಜೆನಿಕ್ಸ್ ರಿವ್ಯೂ ಪತ್ರಿಕೆಯಲ್ಲಿ ಆ ವಿವರಣೆಯನ್ನೇ ಹಿಗ್ಗಿಸಿ, ದಕ್ಷಿಣ ಅರೇಬಿಯದ ಕಡೆಯಿಂದ ಒಂದು ಕವಲು ಭಾರತಕ್ಕೂ ಇನ್ನೊಂದು ಪೂರ್ವ ಆಫ್ರಿಕಕ್ಕೂ ಈ ವಂಶವಾಹಿಯನ್ನು ಹೊತ್ತೊಯ್ದಿತು ಎಂಬ ವಲಸೆಯ ಕಥೆ ಕಟ್ಟಿದರು.

ಆ ಕಥೆ ನಮ್ಮಲ್ಲಿ ಇನ್ನೂ ಸತ್ತಿಲ್ಲ. ಪಿರಿಯಾಪಟ್ಟಣದ ಹಾರನಹಳ್ಳಿ ಹೋಬಳಿಯಿಂದ ಹುಣಸೂರು, ಎಚ್.ಡಿ. ಕೋಟೆಯ ಕಾಡಂಚಿನವರೆಗಿನ ಬುಡಕಟ್ಟು ಹಾಡಿಗಳ ಬಗ್ಗೆ ಮಾತು ಬಂದಾಗಲೆಲ್ಲ, ಸಿಕಲ್ ಸೆಲ್ ಎಂದರೆ ಆದಿಮ ಜನಾಂಗದ ಲಕ್ಷಣ ಎಂಬ ಧಾಟಿಯ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ಹೇಳುವವರಿಗೆ ಅದು ಲೇಮನ್‌ರಿಂದ ಬಂದದ್ದೆಂದು ಗೊತ್ತಿರುವುದಿಲ್ಲ. ಅದನ್ನು ಮುರಿಯುವ ಸಾಕ್ಷ್ಯವನ್ನು ಲೇಮನ್‌ರೇ ಕೈಯಾರೆ ಒದಗಿಸಿದ್ದರು ಎಂಬುದಂತೂ ಗೊತ್ತೇ ಇರುವುದಿಲ್ಲ.

ಲೇಮನ್‌ರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. 1910ರಲ್ಲಿ ಜರ್ಮನಿಯ ಹಾಲೆ ನಗರದಲ್ಲಿ ಹುಟ್ಟಿ, ನಾಜಿ ಆಳ್ವಿಕೆಯ ಕಾಲದಲ್ಲಿ ಇಂಗ್ಲೆಂಡಿಗೆ ಬಂದ ಯಹೂದಿ ಮೂಲದ ವೈದ್ಯ ಅವರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ವೈದ್ಯರಾಗಿ ಭಾರತದಲ್ಲಿದ್ದರು, ಆಮೇಲೆ ಉಗಾಂಡದಲ್ಲಿ ರಕ್ತಹೀನತೆಯ ಮೇಲೆ ದುಡಿದರು. ಹಿಮೋಗ್ಲೋಬಿನ್‌ನ ಬಗೆಗಳನ್ನು ಜಗತ್ತಿನಾದ್ಯಂತ ಹುಡುಕಿ ಗುರುತಿಸಿದವರಲ್ಲಿ ಅವರಿಗೆ ಸಮನಾದವರು ವಿರಳ. ಜನಾಂಗವಾದದ ಪೆಟ್ಟು ತಿಂದವರೇ ಜನಾಂಗದ ಹೆಸರಿನಲ್ಲಿ ರಕ್ತವನ್ನು ವಿಂಗಡಿಸಿದರಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿದೆ. ಆ ಕಾಲದ ವಿದ್ವತ್ತಿಗೆ ಬೇರೆ ಪರಿಭಾಷೆ ಇರಲಿಲ್ಲ ಎಂದಷ್ಟೇ ನಾನು ಸಮಾಧಾನ ಹೇಳಿಕೊಳ್ಳಬಲ್ಲೆ. 1926ರಿಂದ 1929ರವರೆಗೆ ಭಾರತದಲ್ಲಿ ಸುತ್ತಾಡಿದ ಮಾನವಶಾಸ್ತ್ರಜ್ಞ ಎಗಾನ್ ಫಾನ್ ಐಕ್‌ಸ್ಟೆಟ್, 1931ರ ಜನಗಣತಿಗೆ ತಲೆ ಮೂಗು ಅಳೆದ ಬಿ.ಎಸ್. ಗುಹಾ, ಇವರೆಲ್ಲ ಹಾಕಿಕೊಟ್ಟ ಚೌಕಟ್ಟು ಸಿದ್ಧವಾಗಿತ್ತು. ಲೇಮನ್ ಅದರೊಳಗೆ ರಕ್ತದ ಅಂಕಿಗಳನ್ನು ಕೂರಿಸಿದರು.

ಈಗ ಸಾಕ್ಷ್ಯಕ್ಕೆ ಬರೋಣ. ವೆಡ್ಡಾಯ್ಡ್ ಎಂಬ ಹೆಸರೇ ಶ್ರೀಲಂಕಾದ ವೆಡ್ಡರಿಂದ ಬಂದದ್ದು. ಕುಡುಗೋಲು ಕಣ ಆ ಜನಾಂಗದ ಗುರುತಾಗಿದ್ದರೆ ಎಲ್ಲರಿಗಿಂತ ಮೊದಲು ಸಿಗಬೇಕಾದ್ದು ವೆಡ್ಡರಲ್ಲಿ. ವೆಡ್ಡರ ರಕ್ತವನ್ನು ಪರೀಕ್ಷಿಸಿದವರಲ್ಲಿ ಲೇಮನ್‌ರೂ ಒಬ್ಬರು. 1950ರ ದಶಕದ ನಡುವೆ ಮೊದಲ ಟಿಪ್ಪಣಿ ಬಂತು. 1963ರಲ್ಲಿ ವಿಕ್ರಮಸಿಂಘೆ, ಇಕಿನ್, ಮೌರಾಂಟ್ ಅವರೊಂದಿಗೆ ರಾಯಲ್ ಆಂಥ್ರೊಪೊಲಾಜಿಕಲ್ ಇನ್‌ಸ್ಟಿಟ್ಯೂಟಿನ ಪತ್ರಿಕೆಯಲ್ಲಿ ವಿಸ್ತಾರವಾದ ಲೇಖನ ಬಂತು. ವೆಡ್ಡರಲ್ಲಿ ಕಂಡದ್ದು ಹಿಮೋಗ್ಲೋಬಿನ್ ಇ. ಕುಡುಗೋಲು ಕಣದ ಹಿಮೋಗ್ಲೋಬಿನ್ ಎಸ್ ಅಲ್ಲ.

ಈ ಎರಡರ ಅಂತರವನ್ನು ಹಗುರವಾಗಿ ಕಾಣುವವರಿದ್ದಾರೆ. ಎರಡೂ ರಕ್ತದ ದೋಷವೇ ತಾನೆ ಎನ್ನುತ್ತಾರೆ. ಹಾಗಲ್ಲ. ಬೀಟಾ ಗ್ಲೋಬಿನ್ ಸರಪಳಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದರೆ ಎಸ್. 26ನೆಯ ಸ್ಥಾನದಲ್ಲಿ ಅದೇ ಆಮ್ಲದ ಬದಲು ಲೈಸಿನ್ ಬಂದರೆ ಇ. ಎರಡೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಡೆ ಆದ ಬದಲಾವಣೆಗಳು. ಇ ವಿಶೇಷವಾಗಿ ಕಾಣುವುದು ಆಗ್ನೇಯ ಏಷ್ಯಾದಲ್ಲಿ, ನಮ್ಮ ಈಶಾನ್ಯ ರಾಜ್ಯಗಳಲ್ಲಿ. ಅಂದಮೇಲೆ, ಜನಾಂಗಕ್ಕೆ ಹೆಸರು ಕೊಟ್ಟ ಜನರಲ್ಲೇ ಜನಾಂಗದ ಗುರುತು ಇಲ್ಲ. ವಾದ ಇಲ್ಲಿಗೆ ಬಿದ್ದುಹೋಗಬೇಕಿತ್ತು. 1952ರ ಬರಹವನ್ನು ಉಲ್ಲೇಖಿಸುವವರು 1963ರದನ್ನು ಪಕ್ಕಕ್ಕಿಡುವುದರಿಂದಲೇ ಅದು ಇನ್ನೂ ನಿಂತಿದೆ.

ಹಾಗಾದರೆ ನೀಲಗಿರಿಯ ಏರುಪೇರಿಗೆ ಅರ್ಥವೇನು? ತಲೆಬುರುಡೆ ಬಿಟ್ಟು ನೆಲ ನೋಡಿದರೆ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ ಎಂಬುದು ನನ್ನ ವಾದ. ತೋಡರು ಇದ್ದದ್ದು ಸುಮಾರು 2,000 ಮೀಟರ್ ಎತ್ತರದ ತಣ್ಣನೆಯ ಹುಲ್ಲುಗಾವಲಿನಲ್ಲಿ. ಇರುಳರು, ಕುರುಂಬರು ಕೆಳಗಿನ ಇಳಿಜಾರಿನ ಕಾಡಿನವರು. ಪಣಿಯರು ವಯನಾಡಿನ ಗದ್ದೆಬಯಲಿನವರು. ಇದೇ ಕಾಡಿನ ಪಟ್ಟಿ ಬಂಡೀಪುರ, ನಾಗರಹೊಳೆ, ಎಚ್.ಡಿ. ಕೋಟೆಯವರೆಗೆ ಹಬ್ಬಿದೆ. ಇಲ್ಲಿನ ಚಳಿಜ್ವರಕ್ಕೆ ಹೆದರಿ ಬಯಲಿನ ಜನ ಕಾಡಂಚಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲವನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಒಂದು ಪಾಲು ಎಸ್ ಹೊತ್ತ ಮಗು ಮಾರಣಾಂತಿಕ ಮಲೇರಿಯಾದಿಂದ ಬಹುಮಟ್ಟಿಗೆ ಪಾರಾಗುತ್ತದೆ ಎಂದು ಆ್ಯಂಟನಿ ಆಲಿಸನ್ ತೋರಿಸಿದ್ದು 1954ರಲ್ಲಿ, ಅಂದರೆ ಲೇಮನ್ ತಮ್ಮ ವಲಸೆಯ ಕಥೆಯನ್ನು ಅಚ್ಚಿಗೆ ಕೊಟ್ಟ ವರ್ಷವೇ. ಮಲೇರಿಯಾ ಇದ್ದ ತಗ್ಗಿನಲ್ಲಿ ಎಸ್ ಉಳಿಯಿತು, ಬೆಳೆಯಿತು. ಸೊಳ್ಳೆಯ ಕಾಟವಿಲ್ಲದ ತಂಪು ಎತ್ತರದಲ್ಲಿ ಅದಕ್ಕೆ ಬೆಲೆ ಸಿಗಲಿಲ್ಲ. ಲೇಮನ್ ಕೊಟ್ಟ ಅಂಕಿಗಳು ಸರಿಯೇ. ಅವುಗಳ ಮೇಲೆ ಬರೆದ ಹಣೆಪಟ್ಟಿ ಮಾತ್ರ ತಪ್ಪು.

ಇಲ್ಲಿ ಒಂದು ಒಪ್ಪಿಗೆ ಮಾಡಿಕೊಳ್ಳದಿದ್ದರೆ ನಾನೂ ಅತಿಮಾತಿನವನಾಗುತ್ತೇನೆ. ಮಲೇರಿಯಾ ಒಂದು ವಂಶವಾಹಿಯನ್ನು ಉಳಿಸಬಲ್ಲದು, ಹುಟ್ಟಿಸಲಾರದು. ವೆಡ್ಡರ ಸೀಮೆಯಲ್ಲೂ ಮಲೇರಿಯಾ ಇತ್ತು, ಅಲ್ಲಿ ಉಳಿದದ್ದು ಇ. ಯಾವುದು ಮೊದಲು ಬಂದು ಸೇರಿತೋ ಅದು ಬೆಳೆಯಿತು. ಆದ್ದರಿಂದ ಎಸ್ ಇಲ್ಲಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. 1986ರಲ್ಲಿ ಕುಲೋಜಿಕ್ ಮತ್ತು ಸಂಗಡಿಗರು ಪೂರ್ವ ಸೌದಿ ಅರೇಬಿಯ ಹಾಗೂ ಒಡಿಶಾದ ರೋಗಿಗಳಲ್ಲಿ ಎಸ್‌ನ ಸುತ್ತಲಿನ ಡಿಎನ್‌ಎ ಮಾದರಿ ಒಂದೇ ಎಂದೂ, ಅದು ಆಫ್ರಿಕದ ಮಾದರಿಗಳಿಂದ ಬೇರೆ ಎಂದೂ ತೋರಿಸಿ, ಏಷ್ಯಾದಲ್ಲಿ ಅದು ಸ್ವತಂತ್ರವಾಗಿ ಹುಟ್ಟಿತು ಎಂದರು. 1989ರಲ್ಲಿ ಲಾಬಿ ಮತ್ತು ಸಂಗಡಿಗರು ನೀಲಗಿರಿಯ ಬುಡಕಟ್ಟುಗಳಲ್ಲೂ ಅದೇ ಮಾದರಿ ಕಂಡರು. ಕಂಡದ್ದು ಬೆಲೆಯುಳ್ಳದ್ದು. ಆದರೆ ಭಾರತದ ಬುಡಕಟ್ಟುಗಳೆಲ್ಲ ಒಂದೇ ಮೂಲದವು ಎಂದೂ ಅವರು ತೀರ್ಮಾನಿಸಿದಾಗ, ಮೂವತ್ತೇಳು ವರ್ಷಗಳ ಹಿಂದಿನ ಜಿಗಿತವನ್ನೇ ಮತ್ತೆ ಜಿಗಿದರು. ಒಂದು ವಂಶವಾಹಿಗೆ ಒಂದೇ ಮೂಲವಿದ್ದರೆ ಅದನ್ನು ಹೊತ್ತ ಜನರಿಗೂ ಒಂದೇ ಮೂಲ ಎನ್ನಲು ಯಾವ ಆಧಾರವೂ ಇಲ್ಲ. ಒಂದು ಮದುವೆ ಸಾಕು, ವಂಶವಾಹಿ ಒಂದು ಕುಲದಿಂದ ಇನ್ನೊಂದು ಕುಲಕ್ಕೆ ದಾಟಲು. ಆಮೇಲೆ ಹಬ್ಬಿಸುವ ಕೆಲಸವನ್ನು ಚಳಿಜ್ವರ ನೋಡಿಕೊಳ್ಳುತ್ತದೆ.

2018ರಲ್ಲಿ ಶ್ರೈನರ್ ಮತ್ತು ರೊಟಿಮಿ ಪೂರ್ಣ ಜೀನೋಮ್‌ಗಳ ಆಧಾರದಿಂದ ಎಸ್ ಹುಟ್ಟಿದ್ದು ಒಂದೇ ಬಾರಿ, ಸುಮಾರು 7,300 ವರ್ಷಗಳ ಹಿಂದೆ, ಆಫ್ರಿಕದಲ್ಲಿ ಎಂದು ವಾದಿಸಿದ್ದಾರೆ. ಇದನ್ನು ಓದಿ ಲೇಮನ್ ಗೆದ್ದರು ಎಂದು ಹಿಗ್ಗುವುದು ಅವಸರ. ಒಂದೇ ಮೂಲ ಎಂಬ ಅಂಶ ನಿಂತರೂ ಅವರ ದಿಕ್ಕು ತಿರುಗುಮುರುಗಾಗುತ್ತದೆ, ವೆಡ್ಡಾಯ್ಡ್ ವಾಹಕರಿಗೆ ಅದರಲ್ಲಿ ಜಾಗವೇ ಇಲ್ಲ. ನಾನಂತೂ ಹುಟ್ಟಿನ ಪ್ರಶ್ನೆಯನ್ನು ಇನ್ನೂ ತೆರೆದೇ ಇಟ್ಟುಕೊಂಡಿದ್ದೇನೆ.

ಇನ್ನೊಂದು ತೊಡಕು ಹೆಸರಿನದು. ರಕ್ತಶಾಸ್ತ್ರದವರು ಇದನ್ನು ಗಮನಿಸುವುದಿಲ್ಲ, ಗಮನಿಸಬೇಕಾದ ನಮ್ಮ ಜಾನಪದದವರೂ ಸುಮ್ಮನಿದ್ದಾರೆ. ನೀಲಗಿರಿಯಲ್ಲಿ ‘ಕುರುಂಬ’ ಎಂದರೆ ಒಂದು ಜನವಲ್ಲ; ಆಲು, ಪಾಲು, ಬೆಟ್ಟ, ಜೇನು, ಮುಳ್ಳು ಎಂಬ ಬೇರೆ ಬೇರೆ ಗುಂಪುಗಳಿಗೆ ಹೊರಗಿನವರು ಹಾಸಿದ ಒಂದೇ ಕಂಬಳಿ. ಜೇನು ಕುರುಬರ ನುಡಿ ಕನ್ನಡಕ್ಕೆ ತೀರ ಹತ್ತಿರ. ಬೆಟ್ಟ ಕುರುಬರದು ತನ್ನದೇ ದಾರಿ ಹಿಡಿದ ದ್ರಾವಿಡ ನುಡಿ. ಮೈಸೂರು ಬಯಲಿನ ಕುರಿ ಸಾಕುವ ಕುರುಬರು ಇವರಿಬ್ಬರಿಂದಲೂ ಬೇರೆ. ಹೀಗಿರುವಾಗ ‘ಕುರುಂಬ’ ಎಂಬ ಒಂದೇ ಸಾಲಿನ ಅಂಕಿಯನ್ನು ಎಚ್.ಡಿ. ಕೋಟೆಯ ಜೇನು ಕುರುಬರ ಹಾಡಿಗೆ ಹಾಗೇ ಎತ್ತಿ ತರುವುದು ತಪ್ಪು. ಬದಲಿಗೆ ಗಟ್ಟಿ ಸೇತುವೆ ಇನ್ನೊಂದು ಕಡೆ ಇದೆ. ವಯನಾಡಿನ ಪಣಿಯರಿಗೂ ನಮ್ಮ ಕಡೆಯ ಪಣಿ ಎರವರಿಗೂ ನುಡಿಯ ನಂಟು, ಕುಲದ ನಂಟು ಇದೆ. ಆದರೆ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಪಣಿಯನ್ ಬೇರೆ ಹೆಸರು, ಎರವ ಬೇರೆ ಹೆಸರು. ಆ ಎರವದೊಳಗೆ ಪಂಜಿರಿ ಎರವರೂ ಸೇರಿಹೋಗುತ್ತಾರೆ. ಕೂಡಿಸಬೇಕಾದ್ದನ್ನು ಪಟ್ಟಿ ಬೇರ್ಪಡಿಸಿದೆ, ಬೇರ್ಪಡಿಸಬೇಕಾದ್ದನ್ನು ಕೂಡಿಸಿದೆ.

ಜನಾಂಗದ ಕಥೆಯ ಬಗ್ಗೆ ನಾನು ತಾಳ್ಮೆ ಕಳೆದುಕೊಳ್ಳಲು ಕಾರಣ ಹಾಡಿಯಲ್ಲಿದೆ. ‘ಗುಣ’ ಮತ್ತು ‘ರೋಗ’ ಎರಡು. ತಂದೆ ಅಥವಾ ತಾಯಿ ಒಬ್ಬರಿಂದ ಎಸ್ ಬಂದವರು ವಾಹಕರು, ಬಹುತೇಕ ಆರೋಗ್ಯವಂತರು. ಇಬ್ಬರಿಂದಲೂ ಬಂದ ಮಗು ರೋಗಿ. ಗಾಜಿನ ಬಿಲ್ಲೆಯ ಮೇಲೆ ಆಮ್ಲಜನಕ ತಪ್ಪಿಸಿ ಕಣ ಬಾಗುವುದನ್ನು ನೋಡುವ ಹಳೆಯ ಪರೀಕ್ಷೆ ಈ ಎರಡನ್ನು ಬಿಡಿಸಿ ಹೇಳಲಾರದು. ಜನಾಂಗದ ಗುರುತು ಎಣಿಸುವವರಿಗೆ ಆ ಭೇದ ಬೇಕಿರಲೂ ಇಲ್ಲ. ಬೇಕಿದ್ದದ್ದು ಕೀಲುನೋವಿನಲ್ಲಿ ನರಳುವ ಮಗುವಿಗೆ.

ಆ ಭೇದ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಬ್ಬಿಣದ ಲೆಕ್ಕವನ್ನೇ ನೋಡಿ. ವಯಸ್ಕರ ಮೈಯಲ್ಲಿರುವ ಕಬ್ಬಿಣ 3ರಿಂದ 4 ಗ್ರಾಂ, ಅದರ ಮೂರನೆಯ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲಿ. ಕರುಳು ದಿನಕ್ಕೆ ಒಳಗೆ ಬಿಟ್ಟುಕೊಳ್ಳುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಹೊಸ ರಕ್ತಕ್ಕೆ ಬೇಕಾಗುವ 20ಕ್ಕೂ ಹೆಚ್ಚು ಮಿಲಿಗ್ರಾಂ ಸಿಗುವುದು ಮುದಿ ಕಣಗಳು ಒಡೆದಾಗ. 120 ದಿನ ಬಾಳಬೇಕಾದ ಕಣ ಈ ರೋಗದಲ್ಲಿ 10ರಿಂದ 20 ದಿನಕ್ಕೆ ಒಡೆಯುತ್ತದೆ. ರಕ್ತ ಕಡಿಮೆಯಾಗುತ್ತದೆ ನಿಜ, ಕಬ್ಬಿಣ ಮೈಯೊಳಗೇ ಉಳಿದಿರುತ್ತದೆ. ಪದೇಪದೇ ರಕ್ತ ಏರಿಸಿಕೊಂಡವರಲ್ಲಿ ಅದು ಪಿತ್ತಜನಕಾಂಗದಲ್ಲಿ, ಹೃದಯದಲ್ಲಿ ಶೇಖರವಾಗುತ್ತದೆ. 1970ರಿಂದ ದೇಶದಾದ್ಯಂತ ‘ರಕ್ತ ಕಡಿಮೆ’ಗೆ ಕಬ್ಬಿಣದ ಮಾತ್ರೆ ಹಂಚುತ್ತಿದ್ದೇವೆ. ಅದು ಬೇಕು, ಹಾಡಿಯ ಹೆಂಗಸರಲ್ಲಿ ಕಬ್ಬಿಣದ ಕೊರತೆಯೂ ಉಂಟು, ಒಬ್ಬರಲ್ಲೇ ಎರಡೂ ಇರುವುದುಂಟು. ಯಾವುದು ಯಾರಲ್ಲಿ ಎಂದು ನೋಡದೆ ಹಂಚಿದಾಗ ಮಾತ್ರೆಗೆ ಜಗ್ಗದ ರಕ್ತಹೀನತೆಯ ಹೊಣೆ ಕೊನೆಗೆ ಬೀಳುವುದು ‘ಮಾತ್ರೆ ನುಂಗದ ಹೆಂಗಸಿ’ನ ಮೇಲೆ.

ಭಾರತದ ಮಾದರಿ ಸೌಮ್ಯ ಎಂಬ ಮಾತೂ ಇದೆ. 1986ರಲ್ಲಿ ಒಡಿಶಾದ ರೋಗಿಗಳ ಅಧ್ಯಯನ ಲ್ಯಾನ್ಸೆಟ್‌ನಲ್ಲಿ ಬಂದ ಮೇಲೆ ಅದು ಬಲವಾಯಿತು. ಭ್ರೂಣದ ಹಿಮೋಗ್ಲೋಬಿನ್ ಹೆಚ್ಚು ಉಳಿಯುವುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ನಾಗಪುರದ ಕಡೆಯ ರೋಗಿಗಳು ಅಷ್ಟು ಸೌಮ್ಯರಲ್ಲ ಎಂದು ಆಮೇಲೆ ತಿಳಿಯಿತು. ನಮ್ಮ ಸೀಮೆಯಲ್ಲಿ ಸೌಮ್ಯತೆಯ ಮಾತಾಡುವವರು ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್ ಒಳಗೆ ಒಮ್ಮೆ ನಿಲ್ಲಲಿ. ಕಾವು, ಬೆವರು, ಬಾಯಾರಿಕೆ, ಎಡೆಬಿಡದ ದುಡಿಮೆ: ಕಣ ಬಾಗಿ ನಾಳ ಕಟ್ಟಿಕೊಳ್ಳಲು ವೈದ್ಯರು ಹೇಳುವ ಕಾರಣಗಳೆಲ್ಲ ಅಲ್ಲೇ ಇವೆ. ಕೊಡಗಿನ ತೋಟದ ಮಳೆ ಚಳಿಯೂ ಅದೇ ಪಟ್ಟಿಯದು. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಹಾಡಿಗಳಿಂದ ಕೂಲಿಗೆ ಹೋಗುವುದು ಈ ಎರಡಕ್ಕೇ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. ಲೇಮನ್‌ರ ಬರಹಕ್ಕೂ ಇದಕ್ಕೂ ನಡುವೆ 71 ವರ್ಷ. ಈ ಪರೀಕ್ಷೆಯ ಅಂಕಿಗಳು ನಮ್ಮ ತಾಲ್ಲೂಕುಗಳಿಂದ ಹೊರಬರುವಾಗ ‘ಗಿರಿಜನ’ ಎಂಬ ಒಂದೇ ಸಾಲಿನಲ್ಲಿ ಬಾರದಿರಲಿ ಎಂಬುದು ನನ್ನ ಬೇಡಿಕೆ: ಜೇನು ಕುರುಬ, ಬೆಟ್ಟ ಕುರುಬ, ಪಣಿ ಎರವ, ಪಂಜಿರಿ ಎರವ, ಸೋಲಿಗ ಎಂದು ಹಾಡಿಯವರು ತಮ್ಮನ್ನು ಕರೆದುಕೊಳ್ಳುವ ಹೆಸರಿನಲ್ಲಿ, ವಾಹಕರೆಷ್ಟು ರೋಗಿಗಳೆಷ್ಟು ಎಂದು ಬಿಡಿಬಿಡಿಯಾಗಿ ಬರಲಿ. ಪಣಿ ಎರವರ ಅಂಕಿಯನ್ನು ವಯನಾಡಿನ ಪಣಿಯರ ಅಂಕಿಯ ಪಕ್ಕಕ್ಕಿಟ್ಟು ನೋಡುವ ಕೆಲಸ ಆಗ ಮೊದಲಾಗುತ್ತದೆ.