ಐರ್ಲೆಂಡಿನ ಮನೆತನಗಳೂ ಸುಟ್ಟುಹೋದ ದಫ್ತರವೂ

ಮನೆತನದ ಮೂಲಪುರುಷನಿಂದ ಹಿಡಿದು ಇಂದಿನ ಕೂಸಿನವರೆಗೆ ಹೆಸರು ಹೇಳುವ ಹೆಳವರನ್ನು ಉತ್ತರ ಕರ್ನಾಟಕದ ಹಿರಿಯರು ಬಲ್ಲರು. ಐರ್ಲೆಂಡಿನಲ್ಲಿಯೂ ಹಿಂದೆ ಕುಲದೊರೆಗಳ ವಂಶಾವಳಿಯನ್ನು ಕಾಪಾಡುವ ಮನೆತನಗಳಿದ್ದವು. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರ ಆಳ್ವಿಕೆ ಬಲಗೊಂಡು ಆ ದೊರೆಗಳು ಅಳಿದಾಗ ಆ ಪರಂಪರೆಯೂ ಕ್ಷೀಣಿಸಿತು. ಸಾಮಾನ್ಯ ರೈತನ ವಂಶಾವಳಿಯನ್ನಂತೂ ಯಾರೂ ಬರೆದಿಡಲಿಲ್ಲ. ಹಾಗಿದ್ದರೂ ಇಂದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿರುವ ಐರಿಷ್ ಮೂಲದವರು ತಮ್ಮ ಮುತ್ತಜ್ಜ ಬಿಟ್ಟುಬಂದ ಊರನ್ನು ಹುಡುಕಿಕೊಂಡು ಹೋಗುತ್ತಾರೆ. ಅವರಿಗೆ ದಾರಿ ತೋರಿಸುವ ಕಾಗದಗಳು ಯಾವುವು ಎಂಬುದು ನಮ್ಮ ವಿದ್ಯಾರ್ಥಿಗಳೂ ತಿಳಿಯತಕ್ಕ ವಿಷಯ.

ಐರ್ಲೆಂಡ್ ದ್ವೀಪವು ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕಿಂತ ಚಿಕ್ಕದು. ಅಲ್ಲಿನ ಬಡವರ ಮುಖ್ಯ ಆಹಾರ ಆಲೂಗಡ್ಡೆ. 1845ರಲ್ಲಿ ಆ ಬೆಳೆಗೆ ಅಂಗಮಾರಿ ರೋಗ ತಗುಲಿ ಮಹಾಕ್ಷಾಮ ಆರಂಭವಾಯಿತು. ಸುಮಾರು 10 ಲಕ್ಷ ಜನ ಹಸಿವು ಮತ್ತು ರೋಗಗಳಿಂದ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. 1841ರಲ್ಲಿ 81 ಲಕ್ಷಕ್ಕೂ ಮೇಲಿದ್ದ ಜನಸಂಖ್ಯೆ 1851ರ ಹೊತ್ತಿಗೆ ಸುಮಾರು 65 ಲಕ್ಷಕ್ಕೆ ಇಳಿಯಿತು.

ಹೀಗೆ ಚದುರಿದ ಕುಟುಂಬಗಳ ಹೆಸರುಗಳು ಜನಗಣತಿಯ ಹಾಳೆಗಳಲ್ಲಿ ಸಿಗಬೇಕಾಗಿತ್ತು. ಆದರೆ 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ ನಗರದ ಫೋರ್ ಕೋರ್ಟ್ಸ್ ಆವರಣದಲ್ಲಿ ಭಾರಿ ಸ್ಫೋಟವಾಯಿತು. ಅಲ್ಲಿದ್ದ ಸರ್ಕಾರಿ ದಾಖಲೆಗಳ ಭಂಡಾರ ಹೊತ್ತಿ ಉರಿದು, ಏಳು ಶತಮಾನಗಳ ಕಾಗದಪತ್ರಗಳು ಬೂದಿಯಾದವು. 1821, 1831, 1841 ಮತ್ತು 1851ರ ಜನಗಣತಿ ಹಾಳೆಗಳು ಬಹುಪಾಲು ನಾಶವಾದುದು ಆಗಲೇ. ನಂತರದ ನಾಲ್ಕು ಜನಗಣತಿಗಳ ಹಾಳೆಗಳಿಗೆ ಬೆಂಕಿಯೇ ಬೇಕಾಗಲಿಲ್ಲ. 1861 ಮತ್ತು 1871ರವನ್ನು ಸರ್ಕಾರವೇ ಬೇಡವೆಂದು ನಾಶಪಡಿಸಿತ್ತು; 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾಗಿ ಹೋಗಿದ್ದವು. ಬ್ರಿಟಿಷರ ಕಾಲದ ಜನಗಣತಿಗಳಲ್ಲಿ ಇಡೀ ದೇಶಕ್ಕೆ ಪೂರ್ತಿಯಾಗಿ ಉಳಿದವು 1901 ಮತ್ತು 1911ರವು ಮಾತ್ರ.

ದೊಡ್ಡ ಭಂಡಾರ ಸುಟ್ಟ ಮೇಲೆ ನೆರವಿಗೆ ಬಂದವು ಬೇರೆ ಕಡೆ ಇದ್ದ ಸಣ್ಣ ಕಾಗದಗಳು. ಮೊದಲನೆಯದು ತೆರಿಗೆಯ ಪುಸ್ತಕ. ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿಯ ನೇತೃತ್ವದಲ್ಲಿ 1847ರಿಂದ 1864ರವರೆಗೆ ದೇಶದ ಭೂಮಿ ಮತ್ತು ಮನೆಗಳ ಮೌಲ್ಯಮಾಪನ ನಡೆದು, ಅದನ್ನು ಅಚ್ಚು ಹಾಕಿಸಲಾಯಿತು. ಯಾವ ಊರಿನಲ್ಲಿ ಯಾರು ಯಾರ ಜಮೀನನ್ನು ಉಳುತ್ತಿದ್ದರು, ಅದರ ವಿಸ್ತೀರ್ಣವೆಷ್ಟು ಎಂಬುದು ಅದರಲ್ಲಿದೆ. ನಮ್ಮ ಪಹಣಿಯನ್ನು ನೋಡಿದವರಿಗೆ ಅದರ ಬೆಲೆ ತಿಳಿಯುತ್ತದೆ. ಆದರೆ ಅಳೆಯುವವರು ಬರುವ ಮುನ್ನವೇ ಹಸಿವಿನಿಂದ ಸತ್ತವರ ಹೆಸರು ಅದರಲ್ಲಿಲ್ಲ.

ಎರಡನೆಯದು ಚರ್ಚುಗಳ ದೀಕ್ಷಾಸ್ನಾನ ಮತ್ತು ಮದುವೆಯ ಪುಸ್ತಕಗಳು. ಎಲ್ಲರ ಜನನ ಮರಣಗಳನ್ನು ಸರ್ಕಾರ ನೋಂದಾಯಿಸತೊಡಗಿದ್ದು 1864ರಿಂದ. ಅದಕ್ಕೂ ಹಿಂದಕ್ಕೆ ಹೋಗಲು ಈ ಪುಸ್ತಕಗಳೇ ಗತಿ. ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮ ಅವರ ತಾಯಿಯ ಕಡೆಯ ಪೂರ್ವಜರಲ್ಲಿ ಒಬ್ಬನಾದ ಫಾಲ್ಮತ್ ಕೀರ್ನಿ, ಪಾದರಕ್ಷೆ ಹೊಲಿಯುವವರ ಮಗ. 1850ರಲ್ಲಿ ಮನಿಗಾಲ್ ಎಂಬ ಪುಟ್ಟ ಊರನ್ನು ಬಿಟ್ಟು ಅಮೆರಿಕಕ್ಕೆ ಹೋದವನು. ಆ ಕುಟುಂಬದ ಸುಳಿವು ಸಿಕ್ಕಿದ್ದು ಸ್ಥಳೀಯ ಚರ್ಚಿನ ಹಳೆಯ ಪುಸ್ತಕಗಳಲ್ಲಿ. 2011ರ ಮೇ ತಿಂಗಳಲ್ಲಿ ಒಬಾಮ ಆ ಊರಿಗೆ ಭೇಟಿ ಕೊಟ್ಟರು.

ಮೂರನೆಯದು ವೃದ್ಧಾಪ್ಯ ವೇತನದ ಅರ್ಜಿಗಳು. 1909ರ ಜನವರಿಯಿಂದ 70 ವರ್ಷ ತುಂಬಿದ ಬಡವರಿಗೆ ವೇತನ ಕೊಡುವ ಕಾನೂನು ಜಾರಿಯಾಯಿತು. ಜನನ ಪತ್ರವಿಲ್ಲದ ಮುದುಕರು ವಯಸ್ಸನ್ನು ಹೇಗೆ ತೋರಿಸಬೇಕು? 1839ರ ಜನವರಿ 6ರ ರಾತ್ರಿ ಬೀಸಿದ ಮಹಾಬಿರುಗಾಳಿ ನೆನಪಿದೆ ಎಂದು ಹಲವರು ಹೇಳಿದರು. ಇನ್ನು ಕೆಲವರ ಪರವಾಗಿ ಗುಮಾಸ್ತರು 1841 ಮತ್ತು 1851ರ ಜನಗಣತಿಯನ್ನು ಹುಡುಕಿ, ಸಿಕ್ಕಿದ್ದನ್ನು ಬರೆದುಕೊಂಡರು. ಮೂಲ ಹಾಳೆಗಳು ಸುಟ್ಟವು. ಮುದುಕರ ವೇತನಕ್ಕಾಗಿ ಬರೆದ ಆ ಟಿಪ್ಪಣಿಗಳು ಉಳಿದವು.

ನಾಲ್ಕನೆಯದು ಶಾಲಾಮಕ್ಕಳು ಮಾಡಿದ ಕೆಲಸ. 1937ರಿಂದ ಮುಂದಿನ ಒಂದೆರಡು ವರ್ಷ, ಐರಿಷ್ ಜಾನಪದ ಆಯೋಗದ ಯೋಜನೆಯಂತೆ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಅಜ್ಜ ಅಜ್ಜಿಯರನ್ನೂ ನೆರೆಹೊರೆಯವರನ್ನೂ ಕೇಳಿ ಬರೆದುಕೊಂಡರು. ಕ್ಷಾಮದ ನೆನಪು, ಹಾಳುಬಿದ್ದ ಮನೆ, ಹೊಲದ ಹೆಸರು, ಮನೆಮದ್ದು, ಹೀಗೆ ಎಲ್ಲವೂ ಅವರ ನೋಟುಬುಕ್ಕುಗಳಲ್ಲಿ ಸೇರಿತು. ಆ ಬರಹಗಳು ಇಂದು ರಾಷ್ಟ್ರೀಯ ಸಂಗ್ರಹದಲ್ಲಿವೆ. ಸಂಶೋಧಕರು ಅವನ್ನು ಗೌರವದಿಂದ ಓದುತ್ತಾರೆ.

ಇದರಿಂದ ನಮಗೆ ಎರಡು ಪಾಠಗಳಿವೆ. ಒಂದೇ ಕಡೆ ಒಂದೇ ಪ್ರತಿ ಇದ್ದರೆ, ಕಟ್ಟಡ ಎಷ್ಟೇ ಭದ್ರವಾಗಿದ್ದರೂ ಆ ದಾಖಲೆ ಭದ್ರವಲ್ಲ. ಹಾಗೆಯೇ, ಇಂದು ಸಾಧಾರಣವೆಂದು ತೋರುವ ಕಾಗದವೇ ನಾಳೆ ಒಂದು ಮನೆತನದ ಏಕಮಾತ್ರ ಸಾಕ್ಷಿಯಾಗಬಹುದು. ಐವತ್ತು ವರ್ಷಗಳಿಂದ ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಕ್ಕಳ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕಗಳು ಸೇರುತ್ತ ಬಂದಿವೆ. ಎಷ್ಟೋ ಕೂಲಿಕಾರರ ಮನೆಯಲ್ಲಿ ಮೊದಲ ಬಾರಿಗೆ ಹೆಸರು ಬರೆಯಿಸಿಕೊಂಡ ಮಗುವಿನ ಗುರುತು ಅಲ್ಲಿರುತ್ತದೆ. ಅದಕ್ಕೊಂದು ಪ್ರತಿ ಮಾಡಿ ಬೇರೆ ಕಡೆ ಇಡುವುದು ಸುವರ್ಣ ಮಹೋತ್ಸವದ ವರ್ಷಕ್ಕೆ ತಕ್ಕ ಕೆಲಸ. ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮ್ಮ ಅಜ್ಜಿಯ ಬಳಿ ಕುಳಿತು, ಅವರ ಅಜ್ಜಿಯ ಹೆಸರೇನು, ಯಾವ ಊರಿನವರು ಎಂದು ಕೇಳಿ. ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಡಿ.