ನೀರಿನ ಹಕ್ಕು ಮತ್ತು ಕಡಲಕೃಷಿ: ಇನ್ನಂಜೆಯ ಕಡೆಯಿಂದ ಒಂದು ಪರಿಶೀಲನೆ

ಕಾಪುವಿನ ಕಡಲತಡಿಯಿಂದ ತುಸು ಒಳಕ್ಕೆ ಇರುವ ಇನ್ನಂಜೆಯು ನೆರೆಯ ಶಂಕರಪುರದಂತೆ ಮಲ್ಲಿಗೆಯ ನಾಡು. ಹಿತ್ತಿಲಿನ ಕೆಲವೇ ಗಿಡಗಳಿಂದ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಅಟ್ಟೆಗಳ ಲೆಕ್ಕದಲ್ಲಿ ಕಟ್ಟೆಗೆ ಒಪ್ಪಿಸಿದರೆ ಅಂದಿನ ದರದಂತೆ ಹಣ ದೊರೆಯುತ್ತದೆ. ಇದರಿಂದ ಮಕ್ಕಳನ್ನು ಓದಿಸಿದ ಮನೆಗಳು ಅನೇಕ. ಸಮೀಪದಲ್ಲಿಯೇ ಪಾಂಗಾಳದ ಹೊಳೆಯಿದೆ. ಅದರ ಉಪ್ಪುನೀರಿನಲ್ಲಿ ಪಚ್ಚಿಲೆಯನ್ನೋ ಮೀನನ್ನೋ ಸಾಕುವ ಕಸುಬು ಮಲ್ಲಿಗೆಯಂತೆ ಮನೆಮನೆಯ ವೃತ್ತಿಯಾಗಿ ಏಕೆ ಬೆಳೆಯಲಿಲ್ಲ? ವಿದ್ಯೆಯ ಕೊರತೆಯೆಂದು ಸಾಮಾನ್ಯವಾಗಿ ಹೇಳುವುದುಂಟು. ನನ್ನ ಅಭಿಪ್ರಾಯದಲ್ಲಿ ಕಾರಣವು ಬೇರೆ. ಹಿತ್ತಿಲು ತನ್ನದು, ಹೊಳೆ ತನ್ನದಲ್ಲ. ಈ ವ್ಯತ್ಯಾಸದಲ್ಲಿಯೇ ಉತ್ತರವನ್ನು ಅರಸಬೇಕು.

ಹಿಂದಿನ ಮೀನುಗಾರಿಕೆಯಲ್ಲಿ ಹಕ್ಕು ಎಂಬುದು ಪಾಲಿನ ರೂಪದಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗೋವೆಯ ಕಡೆಯಿಂದ ಬಂದ ರಂಪಣಿ ಬಲೆಯು ಹಲವು ಮನೆಗಳವರು ತಂದ ತುಂಡುಗಳನ್ನು ಜೋಡಿಸಿ ಮಾಡಿದುದು. ದೋಣಿಯಲ್ಲಿ ಅದನ್ನು ಬಳಸಿಬಂದು ಇಕ್ಕೆಡೆಗಳಿಂದ ದಡಕ್ಕೆ ಎಳೆಯುತ್ತಿದ್ದರು. ಸಿಕ್ಕಿದ ಬಂಗುಡೆ, ಬೂತಾಯಿಗಳು ಬಲೆಯ ತುಂಡಿಗೆ, ದೋಣಿಗೆ, ದುಡಿಮೆಗೆ ತಕ್ಕಂತೆ ಹಂಚಿಹೋಗುತ್ತಿದ್ದವು. ಈ ಕಟ್ಟಳೆಗೆ ಸರಕಾರದ ಕಾಗದವೇನೂ ಇರಲಿಲ್ಲ. ಊರಿನ ಮಾತೇ ಪ್ರಮಾಣ. 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ದೋಣಿಗಳು ಬಂದು, ಮೀನು ದಡ ಸೇರುವ ಮೊದಲೇ ಅದನ್ನು ಸುತ್ತುಗಟ್ಟತೊಡಗಿದಾಗ ರಂಪಣಿಯು ಕೆಲವೇ ವರ್ಷಗಳಲ್ಲಿ ಕುಸಿಯಿತು. ಮಾತಿನ ಮೇಲೆ ನಿಂತ ಹಕ್ಕಿಗೆ ಯಂತ್ರದೆದುರು ರಕ್ಷಣೆ ದೊರೆಯಲಿಲ್ಲ.

ಹಿಡಿಯುವುದನ್ನು ಬಿಟ್ಟು ಬೆಳೆಯುವ ಪದ್ಧತಿಯನ್ನು ನೋಡಬೇಕಾದರೆ ಉತ್ತರ ಕನ್ನಡದ ಅಘನಾಶಿನಿಯ ಅಳಿವೆಗೆ ಹೋಗಬೇಕು. ಕುಮಟೆಯ ಕಡೆಯ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಕಗ್ಗವೆಂಬ, ಉಪ್ಪನ್ನು ತಾಳುವ ಬತ್ತ. ಕೊಯ್ಲಿನ ಬಳಿಕ ಕಟ್ಟೆಯ ಬಾಗಿಲನ್ನು ತೆರೆದು ಭರತದ ನೀರನ್ನು ಒಳಕ್ಕೆ ಬಿಟ್ಟರೆ ಸೀಗಡಿ, ಮೀನುಮರಿಗಳು ತಾವಾಗಿ ಬಂದು ಗದ್ದೆಯಲ್ಲಿ ಉಳಿದ ಹುಲ್ಲು ಕೂಳೆಗಳ ನಡುವೆ ಬೆಳೆಯುತ್ತಿದ್ದವು. ಕೊಂಡುತಂದ ಮರಿ ಬೇಡ, ತಿನಿಸು ಬೇಡ. ಬಾಳಿಕೆಯ ಕೃಷಿಯೆಂದು ಇಂದು ಯಾವುದನ್ನು ಕರೆಯುತ್ತೇವೆಯೋ ಅದು ಅಲ್ಲಿ ಹೆಸರಿಲ್ಲದೆ ನಡೆದಿತ್ತು. ಸೀಗಡಿಗೆ ಪರದೇಶದ ಬೆಲೆ ಬಂದಮೇಲೆ ಗಜನಿಗಳು ಗುತ್ತಿಗೆದಾರರ ಕೈಗೆ ಹೋದವು. ಅವರಿಗೆ ವರ್ಷವಿಡೀ ಉಪ್ಪುನೀರೇ ಬೇಕು, ರೈತನಿಗೆ ಮಳೆಗಾಲದಲ್ಲಿ ಸಿಹಿನೀರು ಬೇಕು. ಈ ತಿಕ್ಕಾಟದಲ್ಲಿ ಕಗ್ಗವು ಹಿಂದೆ ಸರಿಯಿತು. ಅನೇಕ ಕಡೆ ಕಟ್ಟೆಗಳು ಒಡೆದು ಗದ್ದೆಯೇ ಹಾಳುಬಿದ್ದಿತು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗವು ಸಾಕಿದ ಸೀಗಡಿಯನ್ನೂ ಕೊಂದಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿಯ ತೀವ್ರ ಸೀಗಡಿ ಕೃಷಿಯನ್ನು ನಿರ್ಬಂಧಿಸಿ ತೀರ್ಪಿತ್ತಿತು; 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯಿದೆ ಬಂದಿತು.

ಇನ್ನು ವಿದ್ಯೆಯ ಮಾತು. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು 1947ರಲ್ಲಿಯೂ, ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ನಮ್ಮ ಮಂಗಳೂರಿನಲ್ಲಿಯೂ ಸ್ಥಾಪಿತವಾದವು. ಆದಕಾರಣ ವಿದ್ಯೆಯಿರಲಿಲ್ಲವೆಂದು ಹೇಳಲು ಬರುವಂತಿಲ್ಲ. ಆ ಸಂಶೋಧನಾ ಸಂಸ್ಥೆಯ ವಿಧಾನವನ್ನೇ ಹಿಡಿದು ಕಾಸರಗೋಡು ಜಿಲ್ಲೆಯ ಚೆರುವತ್ತೂರು, ಪಡನ್ನ ಪ್ರದೇಶದ ಹಿನ್ನೀರುಗಳಲ್ಲಿ 1990ರ ದಶಕದ ಉತ್ತರಾರ್ಧದಿಂದ ಹೆಂಗಸರ ಸಂಘಗಳು ಪಚ್ಚಿಲೆಯನ್ನು ಬೆಳೆದವು. (ಉತ್ತರ ಕನ್ನಡದವರು ಇದನ್ನೇ ನೀಲಿಕಲ್ಲು ಎನ್ನುತ್ತಾರೆ.) ಬಂಡೆಗಳಿಂದ ಕಿತ್ತುತಂದ ಮರಿಗಳನ್ನು ಹಗ್ಗದ ಸುತ್ತಲೂ ಹರಡಿ, ತೆಳು ಹತ್ತಿಬಟ್ಟೆಯಿಂದ ಸುತ್ತಿ ಹೊಲಿದು, ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುವರು. ಕೆಲವು ದಿನಗಳಲ್ಲಿ ಬಟ್ಟೆಯು ಕರಗಿಹೋಗುತ್ತದೆ. ಅಷ್ಟರೊಳಗೆ ಮರಿಗಳು ತಮ್ಮ ಎಳೆಗಳಿಂದ ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ನೀರನ್ನು ಸೋಸಿ ಅದರ ಸೂಕ್ಷ್ಮಜೀವಿಗಳನ್ನೇ ತಿಂದು ಬೆಳೆಯುವುದರಿಂದ ತಿನಿಸಿನ ಖರ್ಚಿಲ್ಲ. ಮಳೆಗಾಲ ಮುಗಿದು ಹೊಳೆ ಉಪ್ಪಾದಮೇಲೆ ಬಿತ್ತನೆ, ಮುಂದಿನ ಮಳೆಗೆ ಮೊದಲು ಕೊಯ್ಲು. ತಡವಾದರೆ ನೆರೆಯ ಸಿಹಿನೀರಿಗೆ ಸಿಕ್ಕಿ ಎಲ್ಲವೂ ಸಾಯುವುದು. ಐದಾರು ತಿಂಗಳ ಈ ಬೆಳೆಗೆ ಸಂಘದ ಹೆಸರಿನಲ್ಲಿ ಸಾಲವೂ ಸಹಾಯಧನವೂ ದೊರೆತವು. ಒಬ್ಬಂಟಿಗಳಿಗೆ ಸಾಧ್ಯವಾಗದುದು ಸಂಘಕ್ಕೆ ಸಾಧ್ಯವಾಯಿತೆಂಬ ಅಂಶವನ್ನು ವಿದ್ಯಾರ್ಥಿಗಳು ಗಮನಿಸಬೇಕು.

ನಮ್ಮ ಜಿಲ್ಲೆಯಲ್ಲಿಯೂ ಬೈಂದೂರಿನ ಉಪ್ಪುಂದದ ಕಡೆ ಪಂಜರಗಳಲ್ಲಿ ಸೀಬಾಸ್ ಮೊದಲಾದ ಮೀನುಗಳನ್ನು ಸಾಕುವ ಕುಟುಂಬಗಳಿವೆ. 2020ರ ಮತ್ಸ್ಯ ಸಂಪದಾ ಯೋಜನೆಯು ಇಂಥವರಿಗೆ ನೆರವಿನ ಬಾಗಿಲನ್ನು ತೆರೆದಿದೆ. ಆದರೆ ಸೀಬಾಸ್ ಮಾಂಸಾಹಾರಿ. ಅದಕ್ಕೆ ಹಾಕುವ ಸಣ್ಣ ಮೀನು ಕಡಲಿನಿಂದಲೇ ಬರಬೇಕಾದಲ್ಲಿ ಬೆಳೆಯುವವನು ಹಿಡಿಯುವವನನ್ನೇ ನಂಬಿದಂತಾಗುವುದು. ಈ ದೃಷ್ಟಿಯಿಂದ ಪಚ್ಚಿಲೆಯೇ ಹೆಚ್ಚು ನಿರಪಾಯಕರವೆಂದು ನನಗೆ ತೋರುತ್ತದೆ.

ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ದಕ್ಷಿಣ ಕನ್ನಡದ ಭೂಕಂದಾಯದ ಇತಿಹಾಸದಲ್ಲಿ ಕುಮ್ಕಿಯೆಂಬ ಒಂದು ವಿಶಿಷ್ಟ ಸೌಲಭ್ಯವಿದೆ. ವರ್ಗದಾರನು ತನ್ನ ಜಮೀನಿಗೆ ತಾಗಿದ ಸರಕಾರಿ ಬಂಜರಿನಿಂದ ಸೊಪ್ಪನ್ನೂ ಕಟ್ಟಿಗೆಯನ್ನೂ ತೆಗೆದುಕೊಳ್ಳಬಹುದು. ನೆಲ ಮಾತ್ರ ಅವನದಲ್ಲ. ಒಡೆತನವಿಲ್ಲದ ಬಳಕೆಯನ್ನು ಮದರಾಸು ಆಡಳಿತವೂ ಒಪ್ಪಿ ದಾಖಲೆಯಲ್ಲಿ ಉಳಿಸಿತು. ಗುಡ್ಡಕ್ಕೆ ಹುಟ್ಟಿದ ಈ ಕುಮ್ಕಿಯಂತಹುದು ಹೊಳೆಗೆ ಹುಟ್ಟಲಿಲ್ಲ. ದಡದ ಮನೆಯವನು ತನ್ನ ಗದ್ದೆಯಂಚಿನ ನೀರಿನಲ್ಲಿ ನಾಲ್ಕು ಬಿದಿರು ನೆಡಬಹುದೆಂದು ಹೇಳುವ ಕಟ್ಟಳೆಯೊಂದು ಆಗಲೇ ಬೇರೂರಿದ್ದಲ್ಲಿ, 1969ರ ಬಳಿಕ ಬಂದ ವಿದ್ಯೆಗೆ ನಿಲ್ಲಲು ನೆಲ ಸಿಗುತ್ತಿತ್ತು.

ಕಳೆದ ವರ್ಷ ತರಗತಿಯಲ್ಲಿ ಈ ವಿಷಯವನ್ನು ಹೇಳುತ್ತಿದ್ದಾಗ ಇನ್ನಂಜೆಯ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದುನಿಂತು, "ಸಾರ್, ಅಮ್ಮನ ಮಲ್ಲಿಗೆ ಗಿಡಕ್ಕೆ ಸಾಲ ಕೇಳಿದರೆ ಪಹಣಿ ತೋರಿಸಬಹುದು. ಹೊಳೆಗೆ ಏನನ್ನು ತೋರಿಸಲಿ?" ಎಂದು ಕೇಳಿದನು. ಕುಮ್ಕಿಯ ಹಳೆಯ ಕಡತಗಳನ್ನು ನಾನು ಓದತೊಡಗಿದುದು ಆ ದಿನದಿಂದ.